ಗಿಡ್ಡ ಮಂಚ

ಮಂಚದ ಮೇಲೆ ಉದ್ದಕ್ಕೆ ಮಲಗಿದಾಗ ಅವಳ ಪಾದಗಳೆರಡೂ ಆಚೆ ಗಾಳಿಯಲ್ಲಿ ನಿಂತವು. ಮೇಲಕ್ಕೆ ಸರಿದರೆ ತಲೆ ಹಲಗೆಗೆ ತಾಗಿತು. ಪಾದ ಇನ್ನೂ ಆಚೆಯೇ. ಮಾವ ಮಾಡಿದ್ದಕ್ಕೆ ಪಾಲಿಶ್ ಹಾಕುವುದು ಅವಳ ಕೆಲಸ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಸುಮ್ಮನೆ ಮಲಗಿ ನೋಡಿದ್ದಳು, ಅಷ್ಟೆ.

ಇನ್ನು ಇಪ್ಪತ್ತು ದಿನಕ್ಕೆ ಅವಳ ಮದುವೆ. ಗಂಡು ಬೇರಾರೂ ಅಲ್ಲ, ಈ ಮದುವೆ ಮಂಚ ಮಾಡಿದ ಬಡಗಿ ಮಾವನೇ, ತೀರಿಹೋದ ಅವಳ ತಾಯಿಯ ತಮ್ಮ. ಚಿಕ್ಕವಳಿದ್ದಾಗ ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟು ಬರುತ್ತಿದ್ದವನು.

"ನಾನೂ ನಮ್ಮ ಸೋದರಮಾವನ್ನೇ ಕಟ್ಕೊಂಡೆ. ಏನು ಕಡಿಮೆಯಾಯ್ತು?" ಎಂದಿದ್ದಳು ಅಜ್ಜಿ, ಮಾವನ ತಾಯಿ. "ಕಂಡವರ ಮನೆಗೆ ಕೊಟ್ಟು ನಾನು ದಾರಿ ಕಾಯ್ತಾ ಕೂರ್ಬೇಕಾ?"

ಆ ಮಾತಿಗೆ ಇಬ್ಬರೂ ತಲೆ ತಗ್ಗಿಸಿದ್ದರು. ಅಜ್ಜಿ ಅದನ್ನೇ ಒಪ್ಪಿಗೆ ಎಂದುಕೊಂಡಿದ್ದಳು.

ಊರವರ ಕೆಲಸಕ್ಕೆಲ್ಲ ಮಾವ ಟೇಪು ಹಿಡಿಯುತ್ತಿದ್ದ. ಮನೆಯವರಿಗೆ ಮಾಡುವಾಗ ಮಾತ್ರ ಕಣ್ಣು ಮುಚ್ಚಿ, ಆ ಜೀವವನ್ನು ನೆನೆದು, ಮರಕ್ಕೆ ಗರಗಸ ಇಡುತ್ತಿದ್ದ. ಅಜ್ಜಿಯ ಊರುಗೋಲು ಹಾಗೆ ಬಂದದ್ದೇ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಮಾವ, ಇಲ್ಲಿ ಬಾ."

ಅವನು ಉಳಿ ಕೆಳಗಿಟ್ಟು ಬಂದ. ಅವಳ ಪಾದಗಳನ್ನು ನೋಡಿದ. ಕಿವಿ ಕೆಂಪಾಯಿತು.

"ಇದನ್ನ ಕೊಯ್ಯುವಾಗ ಯಾರನ್ನ ನೆನೆಸ್ಕೊಂಡೆ?"

"ನಿನ್ನನ್ನೇ ಕಣೇ. ಎರಡು ಜಡೆ. ಮುಂದಿನ ಹಲ್ಲು ಬಿದ್ದಿತ್ತು."

ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ವಾರಗಳಿಂದ ಅವಳ ಮುಖ ನೋಡದೆ ಓಡಾಡುತ್ತಿದ್ದ ಮಾವನೂ ನಕ್ಕ.

"ಅಜ್ಜಿಗೆ ಈಗಲೇ ಹೇಳ್ಬಿಡೋಣ" ಎಂದಳು.

"ಅಮ್ಮ ಊಟ ಬಿಟ್ರೆ?"

"ಎರಡು ಹೊತ್ತು ಬಿಡ್ತಾಳೆ. ಮೂರನೇ ಹೊತ್ತಿಗೆ ಅವಳೇ ತಟ್ಟೆ ಹಾಕ್ಕೋತಾಳೆ. ನಂಗೊತ್ತಿಲ್ವಾ ಅವಳನ್ನ?"

ಕರೆದಾಗ ಅಜ್ಜಿ ಊರುಗೋಲು ಊರಿಕೊಂಡು ಬಂದಳು. ಮೊಮ್ಮಗಳು ಅವಳೆದುರೇ ಮತ್ತೊಮ್ಮೆ ಮಲಗಿ ತೋರಿಸಿದಳು.

"ಗೇಣು ಗಿಡ್ಡ ಮಾಡಿದ್ದೀಯಲ್ಲೋ. ಬುದ್ಧಿ ಎಲ್ಲಿತ್ತು? ಇನ್ನೊಂದು ಮಾಡು."

"ಇನ್ನೊಂದೂ ಹೀಗೇ ಆಗುತ್ತೆ ಅಮ್ಮ." ಅವನು ತಲೆ ಎತ್ತಿಯೇ ಹೇಳಿದ. "ನನ್ನ ಕಣ್ಣಿಗೆ ಇವಳು ಇಷ್ಟೇ ಉದ್ದ."

ಅವಳು ಎದ್ದು ಕೂತಳು. "ನಾನು ಮಾವನ್ನ ಮದುವೆಯಾಗಲ್ಲ ಅಜ್ಜಿ. ಎಲ್ಲಿಗೆ ಹೋದ್ರೂ ನಿನ್ನ ಬಾಗಿಲಿಗೆ ಬರೋ ದಾರಿ ನಂಗೆ ಗೊತ್ತು."

ಅಜ್ಜಿ ಮಗನ ಮುಖ ನೋಡಿದಳು, ಮೊಮ್ಮಗಳ ಮುಖ ನೋಡಿದಳು. ಆಮೇಲೆ ಮಂಚದ ಪಟ್ಟಿಯ ಮೇಲೆ ಬಹಳ ಹೊತ್ತು ಕೈಯಾಡಿಸಿದಳು.

"ಒಳ್ಳೇ ಮರ. ಹಾಳು ಮಾಡೋಕಾಗುತ್ತಾ? ನಂಗೇ ಇರ್ಲಿ" ಎಂದು ಗೊಣಗಿ, ಊರುಗೋಲನ್ನು ಮೊಮ್ಮಗಳ ಕೈಗೆ ಕೊಟ್ಟು, ಮಂಚ ಹತ್ತಿ ಮಲಗಿದಳು. ವಯಸ್ಸಿಗೆ ಕುಗ್ಗಿದ ಮೈ. ತಲೆಯಿಂದ ಹಿಮ್ಮಡಿಯವರೆಗೆ ಸರಿಯಾಗಿ ಹಿಡಿಸಿತು. ಗೋಡೆಯ ಕಡೆ ಮುಖ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಸಣ್ಣಗೆ ಗೊರಕೆ ಕೇಳಿಸಿತು.

ಮೊಮ್ಮಗಳು ಊರುಗೋಲನ್ನು ಮೂಲೆಗೊರಗಿಸಿ, ಮಂಚದ ಕಾಲ ಬಳಿ ಕೂತು, ಸದ್ದಾಗದಂತೆ ಮರಕ್ಕೆ ಪಾಲಿಶ್ ಉಜ್ಜತೊಡಗಿದಳು.