ಭಾವ ಕೂಗಿ ನೋಡಿದರು

ದೇವರು ಇದ್ದಾನೋ ಇಲ್ಲವೋ ಎಂಬುದನ್ನು ಈ ಜಗತ್ತಿನಲ್ಲಿ ನನ್ನಷ್ಟು ಎತ್ತರದಲ್ಲಿ ನಿಂತು ಚರ್ಚಿಸಿದವನು ಇನ್ನೊಬ್ಬನಿಲ್ಲ. ಹನ್ನೊಂದನೆಯ ಮಹಡಿ, ಹದಿನಾರನೆಯ ಮಹಡಿ, ಒಮ್ಮೆಯಂತೂ ಮೋಡಗಳೇ ಮಧ್ಯೆ ಬಾಯಿ ಹಾಕುವಷ್ಟು ಮೇಲೆ. ನಾನು ಲಿಫ್ಟ್ ರಿಪೇರಿಯವನು. ನನ್ನ ಜೊತೆಗಾರರು ಅಕ್ಕನ ಗಂಡ, ಅಂದರೆ ಭಾವ. ಇಪ್ಪತ್ತು ವರ್ಷ ಜೊತೆಗೆ ದುಡಿದಿದ್ದೇವೆ. ಅದರಲ್ಲಿ ಹತ್ತೊಂಬತ್ತೂವರೆ ವರ್ಷ ವಾದ ಮಾಡಿದ್ದೇವೆ. ಉಳಿದ ಆರು ತಿಂಗಳಲ್ಲಿ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿದ್ದೇವೆ.

ನಾನು ಭಕ್ತ. ಸಾಧಾರಣ ಭಕ್ತನಲ್ಲ. ಬೆಳಗ್ಗೆ ನಾನು ಕಣ್ಣು ಮುಚ್ಚಿ ಕೂತರೆ ಬೀದಿನಾಯಿಗಳೂ ಬೊಗಳುವುದನ್ನು ನಿಲ್ಲಿಸುತ್ತವೆ. ಭಾವ ಇದಕ್ಕೆ ತದ್ವಿರುದ್ಧ.

"ಮೇಲೆ ಯಾರೂ ಇಲ್ಲ ಕಣೋ," ಎನ್ನುತ್ತಾರೆ. "ಇಪ್ಪತ್ತು ವರ್ಷದಿಂದ ಎಲ್ಲ ಕಟ್ಟಡದ ಮೇಲೂ ಹತ್ತಿ ನೋಡಿದೀನಿ. ಮೋಟಾರಿದೆ, ಪಾರಿವಾಳ ಇದೆ."

"ಹಾಗಾದ್ರೆ ಸತ್ತ ಮೇಲೆ?"

"ಕರೆಂಟ್ ಹೋದ್ಮೇಲೆ ಲಿಫ್ಟು ಎಲ್ಲಿಗೆ ಹೋಗತ್ತೆ? ನಿಂತ್ಕೊಳತ್ತೆ. ಅಷ್ಟೆ."

ಇಂಥವರಿಗೆ ನಮ್ಮಕ್ಕನನ್ನು ಕೊಟ್ಟಿದ್ದೇವೆ.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಲಿಫ್ಟ್ ಓಡಾಡುವ ಉದ್ದನೆಯ ಬಾವಿಗೆ ಶಾಫ್ಟ್ ಎನ್ನುತ್ತೇವೆ. ಅದರೊಳಗೆ ಇಳಿಯುವ ಮುಂಚೆ ಮೇಲಿನ ಮೋಟಾರು ಕೋಣೆಗೆ ಹೋಗಿ ಮೇನ್ ಸ್ವಿಚ್ ಆರಿಸಬೇಕು. ಆ ಸ್ವಿಚ್ಚಿನ ಕೊಕ್ಕೆಗೆ ಪ್ರತಿಯೊಬ್ಬನೂ ತನ್ನದೇ ಬೀಗ ಹಾಕಿ, ಬೀಗದ ಕೈಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಕೆಲಸ ಮುಗಿಸಿ ಹೊರಬಂದವನು ತನ್ನ ಬೀಗ ತೆಗೆಯುತ್ತಾನೆ. ಕೊಕ್ಕೆಯಲ್ಲಿ ಯಾವ ಬೀಗವೂ ಇಲ್ಲವೆಂದರೆ ಒಳಗೆ ಯಾರೂ ಇಲ್ಲ ಎಂದರ್ಥ. ಆಗ ಸ್ವಿಚ್ ಹಾಕಬಹುದು.

ಆ ದಿನ ಹದಿನಾಲ್ಕು ಮಹಡಿಯ ಆಫೀಸು ಕಟ್ಟಡವೊಂದರಲ್ಲಿ ಕೆಲಸ. ಮೆಟ್ಟಿಲು ಹತ್ತುವಾಗಲೇ ಜಗಳ ಶುರುವಾಗಿತ್ತು. ಮೋಟಾರು ಕೋಣೆ ತಲುಪುವ ಹೊತ್ತಿಗೆ ನಾನು ಭಾವನನ್ನು ಮೂಲೆಗೆ ಒತ್ತರಿಸಿದ್ದೆ. ಅವರು ಸ್ವಿಚ್ ಆರಿಸಿ ತಮ್ಮ ಬೀಗ ಹಾಕಿ ಹೊರಟರು. ನಾನು ನನ್ನ ಬೀಗ ತೆಗೆದು ಅವರ ಮೂಗಿನ ಮುಂದೆ ಹಿಡಿದೆ.

"ಈ ಬೀಗ ನೋಡಿ ಭಾವ! ಇದು ತಾನಾಗೇ ಹುಟ್ಟಿತಾ? ಇದನ್ನ ಮಾಡಿದವನು ಒಬ್ಬ ಇದಾನೆ ತಾನೇ? ಹಾಗಾದ್ರೆ ಈ ಪ್ರಪಂಚ?"

ಅಂಥ ಪ್ರಶ್ನೆಯನ್ನು ಮನುಷ್ಯಮಾತ್ರರು ಕೇಳಿಲ್ಲ. ಭಾವ "ಕೆಲಸ ನೋಡೋ" ಎಂದು ಗೊಣಗಿ ಮೆಟ್ಟಿಲಿಳಿದರು. ಗೆದ್ದ ಗತ್ತಿನಲ್ಲಿ ನಾನು ಬೀಗವನ್ನು ಪದಕದ ಹಾಗೆ ಜೇಬಿಗೆ ಇಳಿಸಿ, ಶಾಫ್ಟಿನೊಳಗೆ ನಿಂತಿದ್ದ ಲಿಫ್ಟಿನ ನೆತ್ತಿಗೆ ಇಳಿದೆ.

ಭಾವ ತಳದ ಗುಂಡಿಯಲ್ಲಿ, ನಾನು ಒಂಬತ್ತನೆಯ ಮಹಡಿಯ ಎತ್ತರದಲ್ಲಿ. ಒಂದು ಗಂಟೆಯ ಮೇಲೆ ಕೆಳಗಿನ ಸದ್ದು ನಿಂತಿತು. ಅವರ ಕೆಲಸ ಮುಗಿದಿತ್ತು. ನನ್ನ ಕೆಲಸ ಮುಗಿದಿರಲಿಲ್ಲ. ಉಕ್ಕಿನ ಹಗ್ಗ ಗಾಲಿಗೆ ಸುತ್ತುವ ಜಾಗದಲ್ಲಿ ಮೊಣಕೈವರೆಗೂ ಕೈ ತೂರಿಸಿ ಮುಂದಿನ ವಾದವನ್ನು ಹೊಸೆಯುತ್ತಿದ್ದೆ.

ಆಗ ಮೇಲಿನ ಮೋಟಾರು ಕೋಣೆಯಿಂದ ಭಾವನ ಗಂಟಲು ಕೇಳಿಸಿತು.

"ಲೋ! ಒಳಗಿದೀಯೇನೋ?"

"ಇದೀನಿ, ಏನ್ ಭಾವ?"

ಮೇಲೆ ಏನೋ ಧೊಪ್ಪೆಂದಿತು. ಆಮೇಲೆ ಸಣ್ಣದನಿಯಲ್ಲಿ, "ನಿನ್ನ ಬೀಗ ಎಲ್ಲಿ?" ಎಂದರು.

ಜೇಬು ಮುಟ್ಟಿ ನೋಡಿಕೊಂಡೆ. ನಾನು ಯಾವುದನ್ನು ಹೇಳಿದರೂ ನಾಲ್ಕು ಪಟ್ಟು ಮಾಡಿ ಹೇಳುವವನು. ಇದನ್ನು ಮಾತ್ರ ಇದ್ದ ಹಾಗೆ ಹೇಳುತ್ತೇನೆ. ಭಾವ ತಮ್ಮ ಬೀಗ ತೆಗೆದಿದ್ದರು. ಕೊಕ್ಕೆ ಖಾಲಿ. ಸ್ವಿಚ್ಚಿನ ಮೇಲೆ ಕೈಯಿತ್ತು.

ಸಂಜೆ ದಿನದ ವರದಿ ಹಾಳೆ ತುಂಬುವ ಹೊತ್ತು. 'ಎಲ್ಲರ ಬೀಗ ಹಾಕಲಾಗಿತ್ತೇ?' ಎಂಬ ಸಾಲಿನ ಮುಂದೆ ಭಾವನ ಪೆನ್ನು ನಿಂತಿತು. ಇಲ್ಲ ಎಂದು ಬರೆದರೆ ನನ್ನನ್ನು ಶಾಫ್ಟಿನ ಕೆಲಸದಿಂದ ಕೆಳಗಿಳಿಸುತ್ತಾರೆ. ಗೋಗರೆದೆ.

"ಹೌದು ಅಂತ ಬರೀರಿ ಭಾವ. ದೇವರು ಕ್ಷಮಿಸಿಯಾಗಿದೆ ನನ್ನ."

"ಕ್ಷಮಿಸ್ಲಿ ಬಿಡು. ಇದನ್ನ ಓದೋದು ಸೂಪರ್‌ವೈಸರು."

"ನೀವೇ ಹೇಳ್ತೀರಲ್ಲ ಸ್ವರ್ಗ ಇಲ್ಲ, ನರಕ ಇಲ್ಲ ಅಂತ! ಒಂದು ಸುಳ್ಳು ಬರೆಯೋಕೆ ಯಾಕಿಷ್ಟು ಹೆದರಿಕೆ?"

"ನರಕ ಇದ್ದಿದ್ರೆ ಬರೀತಿದ್ದೆ ಕಣೋ. ಸುಳ್ಳು ಹೇಳಿದ್ದಕ್ಕೆ ನಾನೊಬ್ಬನೇ ಸುಡ್ತಿದ್ದೆ, ಮುಗೀತಿತ್ತು. ಇಲ್ಲಿ ಹಾಗಲ್ಲ. ನೀನು ಇನ್ನೊಂದಿನ ಮರೀತೀಯ. ಆವತ್ತು ಮೇಲೆ ನಾನಿರಲ್ಲ, ಇನ್ಯಾರೋ ಇರ್ತಾರೆ. ಕೂಗಿ ನೋಡದೇ ಇರೋರು."

'ಇಲ್ಲ' ಎಂದು ಬರೆದು ಸಹಿ ಮಾಡಿದರು.

ಆರು ತಿಂಗಳು ಶಾಫ್ಟಿಗೆ ಕಾಲಿಡುವಂತಿಲ್ಲ, ಹೊಸದಾಗಿ ಸೇರಿದವರಿಗೆ ಬೀಗದ ಪಾಠ ಹೇಳಬೇಕು ಎಂದು ಆಜ್ಞೆಯಾಯಿತು. ಭಾವನ ಮೇಲೆ ನನಗೆ ಬಂದ ಸಿಟ್ಟಿನಲ್ಲಿ ಒಂದು ಪಟ್ಟಣಕ್ಕೆ ಬೇಕಾದಷ್ಟು ಅಡುಗೆ ಬೇಯಿಸಬಹುದಿತ್ತು. ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಪಾಠಕ್ಕೆ ನಿಂತೆ. 'ಬೀಗ ನನ್ನ ಜೇಬಿನಲ್ಲೇ ಇತ್ತು' ಎಂದು ಹೇಳುತ್ತಲೇ ನನ್ನೆರಡು ಕೈಗಳನ್ನು ನೋಡಿಕೊಂಡೆ. ಹತ್ತು ಬೆರಳೂ ಇದ್ದವು.

ಪಾಠ ಅಲ್ಲಿಗೇ ಬಿಟ್ಟು ನೇರ ಅಕ್ಕನ ಮನೆಗೆ ಹೋದೆ. ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ಭಾವ ಸ್ಟೂಲಿನ ಮೇಲೆ ನಿಂತು ಫ್ಯಾನ್ ಒರೆಸುತ್ತಿದ್ದರು. ನಾನು ಸ್ಟೂಲಿನ ಹತ್ತಿರವೇ ಬಗ್ಗಿ ಅವರ ಕಾಲು ಮುಟ್ಟಿದೆ.

"ಏಯ್, ಬೀಳಿಸ್ತೀಯೇನೋ!" ಎಂದರು.

"ನಿಮ್ಮಿಂದ ಉಳಿದೆ ಭಾವ. ಆ ಹಾಳೆಯಿಂದ್ಲೂ ಉಳಿದೆ."

"ಆಯ್ತು ಏಳು. ಭಕ್ತರ ಕಾಟ."

ಅಷ್ಟಕ್ಕೇ ಬಿಡುವವನೇ ನಾನು? "ಒಂದು ಕೇಳ್ತೀನಿ. ಕೊಕ್ಕೆ ಖಾಲಿ ಇತ್ತು. ಒಳಗೆ ಯಾರೂ ಇಲ್ಲ ಅಂತ ನಿಯಮವೇ ಹೇಳ್ತಿತ್ತು. ಆದ್ರೂ ಕೂಗಿದ್ರಿ. ಆ ಮೇಲಿನವನನ್ನೂ ಹಾಗೇ ಒಂದ್ಸಲ ಕೂಗಿ ನೋಡಿದೀರಾ?"

ಭಾವ ಸ್ಟೂಲಿನಿಂದ ಇಳಿದು ಕೂತರು. "ನೋಡಿದೀನಿ. ನಿಮ್ಮಕ್ಕನ್ನ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋದ ದಿನ. ಬಾಗಿಲ ಹೊರಗೆ ನಿಂತು, ಬಾಯಿ ಬಿಡದೇ, ಗಂಟಲು ಹರಿಯೋ ಹಾಗೆ ಕೂಗಿದೆ. ಏನೂ ಕೇಳಿಸ್ಲಿಲ್ಲ."

ಅಕ್ಕನ ಕೈಯಲ್ಲಿದ್ದ ಅಂಗಿ ಅರ್ಧ ಮಡಿಕೆಯಲ್ಲೇ ನಿಂತಿತು. "ನಂಗೆ ಹೇಳೇ ಇಲ್ವಲ್ರೀ," ಎಂದಳು.

"ಅಕ್ಕ ವಾಪಸ್ ಬಂದ್ಳಲ್ಲ ಭಾವ! ಅದು ಉತ್ತರ ಅಲ್ವಾ?"

"ಡಾಕ್ಟರು ಆರು ಗಂಟೆ ನಿಂತಿದ್ರು ಕಣೋ." ಒರೆಸುವ ಬಟ್ಟೆಯನ್ನು ಮೊಣಕಾಲ ಮೇಲೆ ಹಾಕಿಕೊಂಡರು. "ಆದ್ರೆ ಒಂದು ನಿಜ. ಆವತ್ತು ನೀನು ಒಳಗಿಂದ 'ಏನ್ ಭಾವ' ಅಂದೆಯಲ್ಲ, ಅಲ್ಲೇ ನೆಲದ ಮೇಲೆ ಕೂತ್ಬಿಟ್ಟೆ. ಯಾರಿಗಾದ್ರೂ ಥ್ಯಾಂಕ್ಸ್ ಹೇಳ್ಬೇಕು ಅನಿಸ್ತು. ಯಾರಿಗೆ ಅಂತ ತಿಳೀಲಿಲ್ಲ."

"ನಂಗೆ ಗೊತ್ತು ಯಾರಿಗೆ ಅಂತ!"

"ಗೊತ್ತಿದ್ರೆ ನನ್ನ ಪಾಲಿಂದೂ ನೀನೇ ಹೇಳ್ಬಿಡು. ನನ್ನ ಹೆಸರು ಮಾತ್ರ ಎತ್ಬೇಡ."

ಮರುದಿನ ಬೆಳಗ್ಗೆ ದೇವರಿಗೆ ಇಬ್ಬರ ಪಾಲನ್ನೂ ಒಟ್ಟಿಗೆ ಒಪ್ಪಿಸಿದೆ. ಹೆಸರು ಎತ್ತಬೇಡ ಎಂದಿದ್ದರಲ್ಲ, ಆ ಹೆಸರನ್ನೇ ಮೊದಲು ಹೇಳಿದೆ, ಎರಡು ಸಲ.