ಹಿಂದಿನ ಬೆಂಚಿನಲ್ಲಿ ಕೀಲಿ ಗೊಂಚಲು

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಕಾರ್ಖಾನೆಯ ಮೇಸ್ತ್ರಿಗೆ ಹೆಂಗಸರು ಇಟ್ಟಿದ್ದ ಹೆಸರು ಕೀಲಿಯಣ್ಣ. ಸೊಂಟದಲ್ಲಿ ಸದಾ ಕೀಲಿ ಗೊಂಚಲು. ಮನುಷ್ಯನಿಗಿಂತ ಮೊದಲು ಸದ್ದು ಬರುತ್ತಿತ್ತು, ಹರಟುತ್ತಿದ್ದವರೆಲ್ಲ ಗಪ್‌ಚಿಪ್. ಆ ಭಾನುವಾರ ಚರ್ಚಿನಲ್ಲಿ ಹಾಡು ಮುಗಿದು ಜನ ಕೂರುವಾಗ ಅದೇ ಸದ್ದು ಕಾರ್ಖಾನೆಯ ಇಸ್ತ್ರಿಯವಳ ಬೆನ್ನ ಹಿಂದೆ ಕೇಳಿಸಿತು.

ಚರ್ಚಿನ ಹೊಸ್ತಿಲು ತುಳಿದವನೇ ಅಲ್ಲ ಆ ಪುಣ್ಯಾತ್ಮ. ಈಗ ಯಾಕೆ ಬಂದ ಅಂತ ಬಿಡಿಸಿ ಹೇಳಬೇಕೇ? ಮರುದಿನ ವಿಚಾರಣೆಯಿತ್ತು, ಅದರಲ್ಲಿ ಅವಳು ಸಾಕ್ಷಿ.

ಹಿಂದಿನ ತಿಂಗಳು ಒಗೆಯುವ ಕೋಣೆಯಲ್ಲಿ ಹಬೆಯ ಪೈಪು ಒಡೆದು ಅವಳ ನಾದಿನಿ ಸತ್ತಿದ್ದಳು. ಹಿಂಬಾಗಿಲು ತೆರೆದೇ ಇತ್ತು, ಹುಡುಗಿ ಬಿದ್ದ ತಕ್ಷಣ ಪ್ರಾಣ ಹೋಯಿತು ಎಂದರು ಮಾಲೀಕರು. ಹಸಿ ಸುಳ್ಳು! ಇಸ್ತ್ರಿಯವಳು ಆ ಹೊತ್ತಿಗೆ ಹಿತ್ತಲಲ್ಲಿ ಚಾದರ ಒಣಹಾಕುತ್ತಿದ್ದಳು. ಬಟ್ಟೆ ಕಳುವಾಗುತ್ತದೆಂದು ಕೀಲಿಯಣ್ಣ ಆ ಬಾಗಿಲಿಗೆ ಬೀಗ ಜಡಿದು, ಗೊಂಚಲು ಸಮೇತ ಚಹಾ ಕುಡಿಯಲು ಹೋಗಿದ್ದ. ಬೀಗ ನೋಡಿದವಳು ಅವಳೊಬ್ಬಳೇ. ನಾದಿನಿ ಒಳಗಿನಿಂದ ತಟ್ಟಿದ್ದನ್ನು ಕೇಳಿದವಳೂ ಅವಳೊಬ್ಬಳೇ.

ತಟ್ಟಿದ್ದನ್ನು ಅವಳು ಮನೆಯಲ್ಲೂ ಬಾಯಿಬಿಟ್ಟಿರಲಿಲ್ಲ. ಗಂಡ ಹೋದಮೇಲೆ ಉಳಿದ ಸಂಸಾರವೆಂದರೆ ಅತ್ತೆ ಮತ್ತು ಎರಡನೇ ಕ್ಲಾಸಿನ ಮಗಳು. ಕಾರ್ಖಾನೆಯಲ್ಲಿ ಸತ್ತ ತನ್ನ ಮಗಳು ನೋವಿಲ್ಲದೆ ಹೋದಳು ಎಂಬುದೊಂದನ್ನೇ ಹಿಡಿದುಕೊಂಡು ಅತ್ತೆ ಜೀವ ಇಟ್ಟುಕೊಂಡಿದ್ದಳು. ಅದನ್ನೂ ಕಿತ್ತುಕೊಳ್ಳುವುದು ಹೇಗೆ?

“ಒಬ್ಬಳನ್ನ ಮಣ್ಣಿಗಿಟ್ಟಾಯ್ತು,” ಎಂದಿದ್ದಳು ಅತ್ತೆ ಬೆಳಿಗ್ಗೆ, ಸೊಸೆಯ ತಟ್ಟೆಗೆ ಬಡಿಸುತ್ತಾ. “ನಿನ್ನನ್ನೂ ಇಡೋಕೆ ನನ್ನ ಕೈಲಾಗಲ್ಲ ಕಣೇ. ಏನೂ ನೋಡ್ಲಿಲ್ಲ ಅಂತ ಹೇಳಿ ಬಂದ್ಬಿಡು.”

ಆ ಅತ್ತೆ ಈಗ ಎರಡು ಬೆಂಚು ಮುಂದೆ ಕೂತಿದ್ದಳು. ಪಾದ್ರಿ ವೇದಿಕೆಯಿಂದ, “ಒಬ್ಬರಿಗೊಬ್ಬರು ಸಮಾಧಾನ ಹೇಳಿ,” ಎಂದರು. ಅಕ್ಕಪಕ್ಕದವರ, ಹಿಂದಿನವರ ಕೈಹಿಡಿದು ಹಾರೈಸುವುದು ಅಲ್ಲಿನ ರೂಢಿ. ಇಸ್ತ್ರಿಯವಳು ತಿರುಗಲೇಬೇಕಾಯಿತು. ಕೀಲಿಯಣ್ಣ ಎರಡೂ ಕೈಯಿಂದ ಅವಳ ಕೈ ಹಿಡಿದ.

“ಸಮಾಧಾನ ತಂಗಿ, ಸಮಾಧಾನ.” ಬೆಣ್ಣೆಯಂಥ ಮಾತು. ಕೈ ಮಾತ್ರ ಬಿಡಲಿಲ್ಲ. “ನಿನ್ ಮಗಳು ಪಕ್ಕದ ಕೋಣೇಲಿ ಪಾಠಕ್ಕೆ ಕೂತಿದ್ದಾಳೆ, ನೋಡ್ದೆ. ಎರಡು ಜಡೆ, ಮುದ್ದಾಗಿದ್ದಾಳೆ. ಸ್ಕೂಲಿಂದ ದಿನಾ ಒಬ್ಬಳೇ ಬರ್ತಾಳಲ್ವಾ? ಜೋಪಾನ ಕಣಮ್ಮ.”

ಅವನ ನಾಲಿಗೆಗೆ ಹುಳ ಬೀಳ! ದೇವರ ಮನೆಯಲ್ಲಿ ನಿಂತು, ಸಮಾಧಾನ ಹೇಳಿದ ಬಾಯಲ್ಲೇ ಕೂಸಿನ ಮಾತೆತ್ತುವುದೇ? ಇಸ್ತ್ರಿಯವಳಿಗೆ ಕೂತದ್ದು ಯಾವಾಗ ಎಂದೇ ತಿಳಿಯಲಿಲ್ಲ. ಗೋಡೆಯಾಚೆ ಮಕ್ಕಳು ಹಾಡುತ್ತಿದ್ದರು. ಅದರಲ್ಲಿ ಮಗಳ ದನಿ ಹುಡುಕಿದಳು, ಸಿಗಲಿಲ್ಲ. ಬೆನ್ನ ಹಿಂದೆ ಕೀಲಿಗಳು ಒಂದೊಂದಾಗಿ ಸರಿಯುತ್ತಿದ್ದವು. ಅವನು ಎಣಿಸುತ್ತಾ ಕೂತಿದ್ದಂತಿತ್ತು.

ಕರ್ತನೇ, ಈ ಹೆದರಿಕೆ ತೆಗೆದುಬಿಡು, ಎಂದು ಅವಳು ವಾರವೆಲ್ಲ ಬೇಡಿದ್ದಳು. ಈಗಲೂ ಬೇಡಿದಳು. ಎಲ್ಲಿಯ ಹೋಗುವುದು! ಆಗ ಅವಳಿಗೆ ಹೊಳೆಯಿತು, ಶಿಲುಬೆಗೇರುವ ಹಿಂದಿನ ರಾತ್ರಿ ಕರ್ತನೂ ತೋಟದಲ್ಲಿ ಮೊಣಕಾಲೂರಿ ಬೆವರಿರಲಿಲ್ಲವೇ? ತಪ್ಪಿಸು ಎಂದು ಅವನೂ ಬೇಡಿದ್ದ. ತಪ್ಪಲಿಲ್ಲ. ಜೊತೆಗಿದ್ದವರು ನಿದ್ದೆ ಹೊಡೆಯುತ್ತಿದ್ದರು. ಹೆದರಿಕೊಂಡೇ ಎದ್ದು ನಡೆದ. ಹಾಗಾದರೆ ಈ ನಡುಕ ಅವನಿಗೆ ಗೊತ್ತು, ತಾನು ಇದರಲ್ಲಿ ಒಂಟಿಯಲ್ಲ ಎಂದುಕೊಂಡಳು.

“ಯಾರಿಗಾದರೂ ಪ್ರಾರ್ಥನೆ ಬೇಕಿದ್ದರೆ ಎದ್ದು ಹೇಳಿ,” ಎಂದರು ಪಾದ್ರಿ. ಇದು ಪ್ರತಿ ವಾರದ ಕ್ರಮ. ಒಬ್ಬ ಅಜ್ಜಿಯ ಮಂಡಿನೋವಿಗಂತೂ ಅದರಲ್ಲಿ ಕಾಯಂ ಜಾಗ. ಚರ್ಚೆಂದರೆ ಎಲ್ಲರೂ ಬಾಯಿಮುಚ್ಚಿ ಕೂರುವ ಜಾಗವೆಂದು ತಿಳಿದು ಬಂದಿದ್ದ ಕೀಲಿಯಣ್ಣನಿಗೆ ಈ ಕ್ರಮ ಹೇಗೆ ಗೊತ್ತಾಗಬೇಕು? ಅಜ್ಜಿ ಕೂತಳು. ಇಸ್ತ್ರಿಯವಳು ಮುಂದಿನ ಬೆಂಚು ಹಿಡಿದು ಎದ್ದಳು.

“ನನಗೋಸ್ಕರ ಪ್ರಾರ್ಥನೆ ಮಾಡಿ. ನಾಳೆ ನಾನು ಸಾಕ್ಷಿ ಹೇಳ್ಬೇಕು. ಹಿಂಬಾಗಿಲಿಗೆ ಬೀಗ ಇತ್ತು. ಕೀಲಿ ಈ ನನ್ನ ಹಿಂದೆ ಕೂತಿರೋರ ಹತ್ರ ಇತ್ತು. ನನ್ ನಾದಿನಿ ಒಳಗಿಂದ ತಟ್ತಾ ಇದ್ಲು, ಅತ್ತಿಗೆ ಅತ್ತಿಗೆ ಅಂತ ಕೂಗ್ತಾ ಇದ್ಲು. ಎಳೆದೆ, ಒದ್ದೆ, ಬರಲಿಲ್ಲ. ಅತ್ತೆ, ನಿಮಗೆ ಹೇಳ್ಲಿಲ್ಲ, ಕ್ಷಮಿಸಿ. ಈಗ ಇವರು ನನ್ ಮಗಳ ಸುದ್ದಿ ಎತ್ತಿದ್ರು, ಇಲ್ಲೇ, ಕೈಹಿಡಿದು. ನಾಳೆಯಿಂದ ಅವಳಿಗೆ ಏನಾದ್ರೂ ಆದ್ರೆ ಯಾರಿಂದ ಅಂತ ನಿಮಗೆಲ್ಲ ಗೊತ್ತಿರಲಿ. ಇವರಿಗೋಸ್ಕರವೂ ಪ್ರಾರ್ಥನೆ ಮಾಡಿ.”

ಮಂಡಿನೋವಿಗೆ ಒಕ್ಕೊರಲಿನಿಂದ ಆಮೆನ್ ಎಂದಿದ್ದ ಜನ ಈಗ ಉಸಿರೆತ್ತಲಿಲ್ಲ. ಅರ್ಧ ಬೆಂಚುಗಳಲ್ಲಿ ಅದೇ ಕಾರ್ಖಾನೆಯ ಸಂಬಳ ಉಣ್ಣುವವರು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಪಾದ್ರಿಯೂ ಕನ್ನಡಕ ತೆಗೆದು ನಿಂತುಬಿಟ್ಟರು. ಇಸ್ತ್ರಿಯವಳು ಅತ್ತೆಯ ಕಡೆ ನೋಡಲಾರದೆ ನೆಲ ನೋಡುತ್ತಿದ್ದಳು.

“ಆಮೆನ್,” ಎಂದಳು ಅತ್ತೆ. ದನಿ ಒಡೆದಿತ್ತು. ಮತ್ತೊಮ್ಮೆ, ಜೋರಾಗಿ, “ಆಮೆನ್.”

ಹಿಂದಿನ ಬೆಂಚು ಕಿರುಗುಟ್ಟಿತು. ಕೀಲಿಗಳ ಸದ್ದು ಅವಸರವಿಲ್ಲದೆ ಬಾಗಿಲವರೆಗೆ ಹೋಗಿ, ಹೊರಗೆ ನಿಂತಿತು.

ದಾರಿಯುದ್ದಕ್ಕೂ ಅತ್ತೆ ಮೊಮ್ಮಗಳ ಕೈ ಬಿಡಲಿಲ್ಲ. ಮನೆ ಸೇರಿದ ಮೇಲೆ ಕೇಳಿದಳು. “ತುಂಬಾ ಹೊತ್ತು ತಟ್ಟಿದ್ಲಾ?”

ಸುಳ್ಳು ಹೇಳಿದ್ದರೆ ಮುದುಕಿಗೆ ನಿದ್ದೆಯಾದರೂ ಬರುತ್ತಿತ್ತು. “ಹೂಂ ಅತ್ತೆ,” ಎಂದಳು ಸೊಸೆ. ಇಬ್ಬರೂ ತಬ್ಬಿಕೊಂಡು ಅತ್ತರು.

ಸೋಮವಾರ ಬೆಳಿಗ್ಗೆ ಮಗುವನ್ನು ಪಾದ್ರಿಯ ಹೆಂಡತಿ ಬಂದು ಕರೆದುಕೊಂಡು ಹೋದಳು. ಅತ್ತೆ ಮಗಳನ್ನು ಮಣ್ಣು ಮಾಡಿದ ದಿನ ತೊಟ್ಟಿದ್ದ ಬಟ್ಟೆ ತೊಟ್ಟು, ನಾನೂ ಬರುತ್ತೇನೆಂದು ಹೊರಟಳು. ಎದುರಿನ ಅಂಗಡಿಯ ಮುಂದೆ ಕೀಲಿಯಣ್ಣ ಇನ್ನಿಬ್ಬರ ಜೊತೆ ನಿಂತು ಈ ಕಡೆಯೇ ನೋಡುತ್ತಿದ್ದ. ಇಸ್ತ್ರಿಯವಳು ಮನೆಯ ಬೀಗ ಎತ್ತಿಕೊಂಡಳು. ಅತ್ತೆ ಅದನ್ನು ಕಿತ್ತುಕೊಂಡು ಒಳಗಿನ ಕುರ್ಚಿಯ ಮೇಲೆ ಎಸೆದಳು.

“ಬೀಗ ಬೇಡ ಕಣೇ. ಬಾಗಿಲು ಸುಮ್ನೆ ಮುಂದೆ ಮಾಡು, ನಡಿ.”