ಫೋಟೋದಲ್ಲಿದ್ದ ಸೀರೆ

"ದೊಡ್ಡದು ಮಾಡಿ ನೋಡಿ ಸ್ವಲ್ಪ," ಎಂದು ವೇಣುಗೋಪಾಲ್ ಹೇಳಿದ್ದು ಅಡುಗೆಮನೆಗೆ ಕೇಳಿಸಿದಾಗ ಸುಬ್ಬಮ್ಮ ಕುಕ್ಕರಿನ ತಳ ತಿಕ್ಕುತ್ತಿದ್ದಳು. "ಮುಂದಿನ ಸಾಲಲ್ಲಿ ಬೋರ್ಡ್ ಹಿಡ್ಕೊಂಡಿದಾಳಲ್ಲ, ನಮ್ಮ ಸುಬ್ಬಮ್ಮಾನೇ. ಬೋರ್ಡಲ್ಲಿ ಏನಿದೆ? 'ನಮಗೂ ಒಂದು ಭಾನುವಾರ ಬೇಕು'. ಸರಿ. ಈಗ ಸೀರೆ ನೋಡಿ."

ಹಾಲ್‌ನಲ್ಲಿ ನಗೆ ಎದ್ದಿತು. ದೊಡ್ಡ ನಗೆಯೇನಲ್ಲ, ಮರ್ಯಾದಸ್ಥರು ಇನ್ನೊಬ್ಬರ ಮನೆಯಲ್ಲಿ ಕೂತು ನಗುವಷ್ಟು. ಸುಬ್ಬಮ್ಮ ನಲ್ಲಿಯನ್ನು ಸಣ್ಣಗೆ ಮಾಡಿದಳು.

ಗುರುವಾರ ಫ್ರೀಡಂ ಪಾರ್ಕಿನಲ್ಲಿ ಮನೆಗೆಲಸದವರೆಲ್ಲ ಪ್ರತಿಭಟನೆಗೆ ಸೇರಿದ್ದರು. ಮಾವಳ್ಳಿಯಿಂದ ಇಪ್ಪತ್ತು ಮೂವತ್ತು ಜನ ಹೆಂಗಸರನ್ನು ಹೊರಡಿಸಿಕೊಂಡು ಹೋದವಳು ಸಂಘದ ಅಕ್ಕಯಮ್ಮ. ಹಿಂದಿನ ಸಂಜೆಯೇ ಮನೆಮನೆ ಬಾಗಿಲಿಗೆ ಬಂದು ಹೇಳಿದ್ದಳು: "ಇರೋದ್ರಲ್ಲಿ ಒಳ್ಳೇ ಸೀರೆ ಉಟ್ಕೊಂಡ್ ಬನ್ರಮ್ಮ. ನಾವೇನು ಭಿಕ್ಷೆ ಕೇಳಕ್ಕೆ ಹೋಗ್ತಿಲ್ಲ." ಸುಬ್ಬಮ್ಮನ ಹತ್ತಿರ ಇದ್ದ ಒಳ್ಳೆಯ ಸೀರೆ ಒಂದೇ. ಅರಿಶಿನ ಬಣ್ಣದ ಒಡಲು, ಅಂಗೈ ಅಗಲದ ನವಿಲು ಬಣ್ಣದ ಜರಿಯಂಚು. ಎರಡು ವರ್ಷದ ಹಿಂದೆ ದೀಪಾವಳಿಗೆ ಈ ಮನೆಯ ವಿಶಾಲಾಕ್ಷಮ್ಮ ಬೀರುವಿನಿಂದ ತೆಗೆದು, "ಈ ಬಣ್ಣ ನಂಗೆ ಒಗ್ಗಲ್ಲ ಕಣೆ, ನೀನೇ ಉಟ್ಕೋ" ಎಂದು ಕೊಟ್ಟದ್ದು. ಮಡಿಕೆ ಕೂಡ ಬಿಚ್ಚಿರಲಿಲ್ಲ. ಉಟ್ಟುಕೊಂಡು ಹೋಗುವಂಥ ಸಮಯವೇ ಬಂದಿರದೆ ಸುಬ್ಬಮ್ಮನೂ ಬಿಚ್ಚಿರಲಿಲ್ಲ. ಪೇಪರಿನ ಫೋಟೋದವನು ಅಷ್ಟು ಜನರಲ್ಲಿ ಅವಳ ಮುಂದೆಯೇ ಬಂದು ಮಂಡಿಯೂರಿದ್ದು ಆ ಬಣ್ಣ ನೋಡಿಯೇ ಇರಬೇಕು.

ಸಂಘ ಕೇಳುತ್ತಿದ್ದುದರಲ್ಲಿ ಅವಳಿಗೆ ಸಂಬಳ ಏರಿಸುವ ಮಾತಿಗಿಂತ ಭಾನುವಾರದ ರಜದ್ದೇ ಯೋಚನೆ. ಮಗಳು ಹೇಮಶ್ರೀ ಪೀಣ್ಯದ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬೆಳಿಗ್ಗೆ ತಾಯಿ ಏಳುವಷ್ಟರಲ್ಲಿ ಅವಳು ಬಸ್ಸಿನಲ್ಲಿ, ರಾತ್ರಿ ಅವಳು ಬರುವಷ್ಟರಲ್ಲಿ ತಾಯಿಗೆ ನಿದ್ದೆ. ಅವಳಿಗೆ ರಜವಿರುವ ಒಂದು ದಿನ ಸುಬ್ಬಮ್ಮನಿಗೆ ನಾಲ್ಕು ಮನೆಗಳಲ್ಲೂ ದುಪ್ಪಟ್ಟು ಪಾತ್ರೆ. ಒಂದೇ ಸೂರಿನಡಿ ಇದ್ದುಕೊಂಡು ಇಬ್ಬರೂ ಹಗಲಿನಲ್ಲಿ ಎದುರು ಬದುರು ಕೂತು ಉಂಡು ಎಷ್ಟು ಕಾಲವಾಯಿತೋ. ಮೇ ತಿಂಗಳಿಗೆ ಹೇಮಶ್ರೀಯ ಮದುವೆ. ಆಮೇಲೆ ಭಾನುವಾರ ಸಿಕ್ಕಿದರೂ ಅವಳು ಸಿಗುವುದಿಲ್ಲ.

ಅದಕ್ಕೇ ಸಂಘದ ಅರ್ಜಿಯನ್ನು ಮೊದಲು ವಿಶಾಲಾಕ್ಷಮ್ಮನ ಕೈಗೇ ಕೊಟ್ಟಿದ್ದಳು. ಬ್ಯಾಂಕಿನಲ್ಲಿ ಆಫೀಸರಾಗಿ ನಿವೃತ್ತರಾದವರು, ಕಟ್ಟಡದ ಕಮಿಟಿಯಲ್ಲಿ ಅವರ ಮಾತೆಂದರೆ ಮಾತು. "ಸಂಬಳದ ವಿಷಯ ಆಮೇಲೆ ನೋಡೋಣ. ಭಾನುವಾರ ನಿಂದು ಅಂತ್ಲೇ ತಿಳ್ಕೋ," ಎಂದಿದ್ದರು. ಪ್ರತಿಭಟನೆಗೆ ಹೋಗಲು ಅರ್ಧ ದಿನ ರಜವನ್ನೂ ಅವರೇ ಕೊಟ್ಟಿದ್ದರು. ಇವತ್ತು ಶನಿವಾರ, ಕಮಿಟಿ ಅವರ ಮನೆಯಲ್ಲೇ ಸೇರಿದೆ.

"ನಮ್ಮ ಏರಿಯಾ ವಾಟ್ಸಾಪ್ ಗ್ರೂಪಲ್ಲಿ ಜನ ಏನ್ ಹಾಕಿದಾರೆ ಓದ್ತೀನಿ ಕೇಳಿ," ವೇಣುಗೋಪಾಲ್ ಮುಂದುವರಿಸಿದರು. ಅವರು ಕಮಿಟಿಯ ಕಾರ್ಯದರ್ಶಿ. "ಒಬ್ರು ಬರೆದಿದಾರೆ, 'ಜರಿ ಸೀರೆ ಬಡವರ ಸಂಘ'. ಇನ್ನೊಬ್ರು, 'ಇವರ ಮನೇಲೇ ನಮಗೆ ಕೆಲಸ ಕೊಡಿಸಿ'. ಬಸವನಗುಡಿ ಅಭಿಪ್ರಾಯ ಇದು, ನಂದಲ್ಲ."

"ಬಿಡಿ ಸಾರ್," ಎಂದ ಮೂರನೇ ಮಹಡಿಯ ಈಶ್ವರ್. ಕಮಿಟಿಯಲ್ಲಿ ಅವನೇ ಚಿಕ್ಕವನು. "ಸೀರೆ ಯಾವ್ದಾದ್ರೂ ಇರ್ಲಿ. ನನಗೆ ಆಫೀಸಲ್ಲಿ ವಾರಕ್ಕೆ ಎರಡು ದಿನ ರಜ. ಅವರು ಕೇಳ್ತಿರೋದು ಒಂದು."

"ನಿನಗೇನಪ್ಪ, ಊಟ ಫೋನಲ್ಲಿ ಬರುತ್ತೆ," ಎಂದರು ವೇಣುಗೋಪಾಲ್.

ಈ ಸಲ ಈಶ್ವರನೂ ನಕ್ಕ. ಸುಬ್ಬಮ್ಮನಿಗೆ ಅವನ ಮೇಲೆ ಅಕ್ಕರೆ ಬಂತು. ಇನ್ನು ವಿಶಾಲಾಕ್ಷಮ್ಮ ಒಂದು ಮಾತು ಹೇಳಿದರೆ ಸಾಕು: ಆ ಸೀರೆ ನಾನು ಕೊಟ್ಟಿದ್ದು ಕಣ್ರೀ. ಇಷ್ಟೇ. ಅಲ್ಲಿಗೆ ನಗೆ ನಿಲ್ಲುತ್ತದೆ. ಅಮ್ಮ ಯಾಕೆ ಹೇಳುತ್ತಿಲ್ಲ? ಕಾಫಿ ಬರಲಿ ಅಂತ ಕಾಯುತ್ತಿದ್ದಾರೇನೋ ಎಂದುಕೊಂಡು ಅವಳು ಹಾಲಿಟ್ಟಳು.

"ಇಲ್ಲಿ ಕೊಡಿ ಫೋನು," ಎಂದವಳು ವೇಣುಗೋಪಾಲರ ಹೆಂಡತಿ ಪ್ರತಿಭಾ. "ರೀ, ಈ ಅಂಚು ನೋಡ್ರೀ. ನಮ್ಮ ಶರಣ್ಯನ ಮದುವೇಲಿ ಹತ್ತಿರದೋರಿಗೆ ಕೊಡಕ್ಕೆ ಅಂತ ಚಿಕ್ಕಪೇಟೆಲಿ ಒಂದೇ ಥರದ್ದು ಒಂದು ಡಜನ್ ತಗೊಂಡಿದ್ವಲ್ಲ, ಅದೇ ಅಲ್ವಾ? ವಿಶಾಲಾಕ್ಷಮ್ಮ, ನಿಮಗೂ ಕೊಟ್ಟಿದ್ದೆ. ಅರಿಶಿನದ್ದು."

ಒಲೆಯ ಮೇಲೆ ಹಾಲು ಉಕ್ಕಿ ಬಂತು. ಸುಬ್ಬಮ್ಮ ಬರಿಗೈಯಲ್ಲೇ ಪಾತ್ರೆ ಇಳಿಸಿದಳು.

"ಹೌದಲ್ವಾ, ಅದೇ ಥರ ಇದೆ," ವಿಶಾಲಾಕ್ಷಮ್ಮನ ದನಿ ನಯವಾಗಿತ್ತು, ಮಾಮೂಲಿಗಿಂತ ನಯ. "ನಂದು ಬೀರುನಲ್ಲಿದೆ. ಒಳ್ಳೇ ದಿನ ಉಡೋಣ ಅಂತ ಎತ್ತಿಟ್ಟಿದೀನಿ."

ಮದುವೆಮನೆಯಲ್ಲಿ ಅರಿಶಿನ ಕುಂಕುಮದ ಜೊತೆ ಮಡಿಲಿಗೆ ಹಾಕಿದ ಸೀರೆಯನ್ನು ಕೆಲಸದವಳಿಗೆ ದಾಟಿಸಿದೆ ಎಂದು ಕೊಟ್ಟವರ ಎದುರಿಗೆ ಹೇಗೆ ಹೇಳುತ್ತಾರೆ. ಅದು ಸುಬ್ಬಮ್ಮನಿಗೂ ಅರ್ಥವಾಯಿತು. ಅರ್ಥವಾಗದೇ ಇದ್ದಿದ್ದರೆ ಚೆನ್ನಾಗಿತ್ತು. ಯಾಕೆಂದರೆ ಅಮ್ಮನ ಸೀರೆ ಬೀರುವಿನಲ್ಲಿದೆ ಎಂದಾದ ಮೇಲೆ, ತನ್ನ ಮೈಮೇಲಿದ್ದದ್ದು ಎಲ್ಲಿಂದ ಬಂತು?

ಅವಳು ಕಾಫಿಯ ತಟ್ಟೆ ಹಿಡಿದು ಹಾಲ್‌ಗೆ ಬಂದಾಗ ಎಲ್ಲರೂ ಅವಳನ್ನೇ ನೋಡಿದರು. ವಿಶಾಲಾಕ್ಷಮ್ಮ ಮಾತ್ರ ಕಿಟಕಿಯ ಪರದೆ ಸರಿ ಮಾಡುತ್ತಿದ್ದರು.

"ಏನ್ ಸುಬ್ಬಮ್ಮ, ಪೇಪರಲ್ಲೆಲ್ಲ ಬಂದ್ಬಿಟ್ಟೆ," ಎಂದಳು ಪ್ರತಿಭಾ, ಲೋಟ ತೆಗೆದುಕೊಳ್ಳುತ್ತ. "ಸೀರೆ ಚೆನ್ನಾಗಿದೆ. ಯಾರು ಕೊಟ್ರು?"

ವಿಶಾಲಾಕ್ಷಮ್ಮನ ಕೈ ಪರದೆಯ ಮೇಲೆ ನಿಂತಿತು.

"ಯಾರೂ ಕೊಟ್ಟಿಲ್ಲ ಅಮ್ಮ," ಎಂದಳು ಸುಬ್ಬಮ್ಮ. "ನಾನೇ ತಗೊಂಡೆ. ಚಿಕ್ಕಪೇಟೆಲಿ."

"ನೀನೇ?"

"ಹೂಂ. ಮಗಳ ಮದುವೆಗೆ ಅಂತ."

ಪ್ರತಿಭಾ ಗಂಡನ ಕಡೆ ತಿರುಗಿದಳು. ನಾವು ಹತ್ತಿರದವರಿಗೆ ಕೊಟ್ಟ ಸೀರೆಯನ್ನು ಇವಳು ಕೈಯಾರೆ ಕೊಂಡು ಉಡುತ್ತಾಳೆ ಎಂಬುದು ಅವಳಿಗೆ, ಇವಳು ಸೀರೆ ಕದ್ದಿದ್ದರೆ ಚುಚ್ಚುತ್ತಿದ್ದುದಕ್ಕಿಂತ ಹೆಚ್ಚು ಚುಚ್ಚಿದಂತಿತ್ತು. ವೇಣುಗೋಪಾಲ್ ಎರಡೂ ಕೈ ಚಾಚಿ, ಇನ್ನು ನಾನು ಹೇಳುವುದೇನಿದೆ ಎಂಬಂತೆ ಎಲ್ಲರ ಮುಖ ನೋಡಿದರು. ಈಶ್ವರ್ ತನ್ನ ಲೋಟದೊಳಕ್ಕೆ ನೋಡಿದ.

"ಇಷ್ಟರ ಮೇಲೆ ನೀವು ಹೇಳಿ, ವಿಶಾಲಾಕ್ಷಮ್ಮ," ಎಂದರು ವೇಣುಗೋಪಾಲ್. "ಭಾನುವಾರ ರಜ ನೀವು ಕೊಡೋಣ ಅಂದ್ರೆ ಕೊಡೋಣ. ನಿಮ್ಮ ಮಾತು ನಾನು ತೆಗೆದುಹಾಕಲ್ಲ."

ಸುಬ್ಬಮ್ಮ ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ನಿಂತಳು. ಈಗ ಹೇಳುತ್ತಾರೆ. ಅಮ್ಮನ ಮರ್ಯಾದೆ ಉಳಿಯಿತಲ್ಲ, ಇನ್ನೇನು ಅಡ್ಡಿ?

"ಈಗ್ಲೇ ಯಾಕೆ?" ಎಂದರು ವಿಶಾಲಾಕ್ಷಮ್ಮ. ಇನ್ನೂ ಅವಳ ಕಡೆ ನೋಡಿರಲಿಲ್ಲ. "ಜನ ಹಿಂಗೆಲ್ಲ ಮಾತಾಡ್ಕೊಳ್ಳುವಾಗ ನಾವೊಬ್ರೇ ಕೊಟ್ರೆ ಅಕ್ಕಪಕ್ಕದ ಬಿಲ್ಡಿಂಗ್ನೋರು ನಮ್ಮನ್ನೇ ಕೇಳ್ತಾರೆ. ಒಂದು ವರ್ಷ ಹೋಗ್ಲಿ."

"ಬರ್ಕೊಂಡೆ," ಎಂದರು ವೇಣುಗೋಪಾಲ್.

ಎಲ್ಲರೂ ಹೋದ ಮೇಲೆ ವಿಶಾಲಾಕ್ಷಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು.

"ನೀನು ದೊಡ್ಡ ಮನಸ್ಸು ಮಾಡಿದೆ ಕಣೆ. ತಗೋ. ಇದು ನಾನೇ ದುಡ್ಡು ಕೊಟ್ಟು ತಗೊಂಡಿದ್ದು. ಯಾರೂ ಕೇಳಲ್ಲ."

ಸುಬ್ಬಮ್ಮ ಕೈ ಒರೆಸಿಕೊಂಡಳು. "ಭಾನುವಾರ, ಅಮ್ಮ?"

"ನಾಳೆನಾ? ಏಳಕ್ಕೆ ಬಂದ್ಬಿಡು. ಪ್ರತಿಭಾ ಮನೆಯೋರನ್ನ ಊಟಕ್ಕೆ ಕರ್ದಿದೀನಿ."

ವಿಶಾಲಾಕ್ಷಮ್ಮ ಕವರನ್ನು ಅವಳ ಕೈಚೀಲದ ಮೇಲೆ ಇಟ್ಟು ಒಳಗೆ ಹೋದರು. ಬೇಡ ಎನ್ನುವುದಕ್ಕೂ ಒಂದು ತಾಕತ್ತು ಬೇಕು. ಸುಬ್ಬಮ್ಮನಿಗೆ ಇನ್ನೂ ಎರಡು ಮನೆಯ ಪಾತ್ರೆ ಬಾಕಿ ಇತ್ತು.

ಕೆಲಸದವರು ಲಿಫ್ಟ್ ಹತ್ತುವಂತಿಲ್ಲ. ನಾಲ್ಕು ಮಹಡಿ ಇಳಿದು ಗೇಟಿಗೆ ಬಂದಾಗ ಕಾವಲಿನ ಬೈರಯ್ಯ ಎಂದಿನಂತೆ ಚೀಲ ತೆರೆಸಿದ. ಒಳಗಿನ ವಸ್ತು ಹೊರಗೆ ಹೋಗಬೇಕಾದರೆ ಮನೆಯವರು ಹೇಳಬೇಕೆಂದು ಹೋದ ವರ್ಷದಿಂದ ಕಮಿಟಿಯ ನಿಯಮ.

"ಏನಕ್ಕಾ, ಹೊಸ ಸೀರೆ. ಮುಂದಿನ ಪ್ರತಿಭಟನೆಗಾ?" ಎಂದ. ಅವನೂ ಫೋಟೋ ನೋಡಿದ್ದ.

ಬೈರಯ್ಯ ಇಂಟರ್‌ಕಾಮಿನ ನಂಬರು ಒತ್ತಿ, ಯಾವಾಗಲೂ ಮಾಡುವಂತೆ ಸ್ಪೀಕರಿಗೆ ಹಾಕಿದ.

"ಮೇಡಂ, ಸುಬ್ಬಮ್ಮನ ಹತ್ರ ಒಂದು ಸೀರೆ ಇದೆ."

"ಹೌದು ಬೈರಯ್ಯ," ಎಂದಿತು ಪೆಟ್ಟಿಗೆ, ಗೇಟಿಗೆಲ್ಲ ಕೇಳುವಂತೆ. "ನಾನೇ ಕೊಟ್ಟಿದ್ದು. ಬಿಟ್ಬಿಡಿ."

ಹೊರಗೆ ಬಿಸಿಲು ಏರಿತ್ತು. ಸುಬ್ಬಮ್ಮ ಮುಂದಿನ ಮನೆಯ ಕಡೆ ನಡೆದಳು. ದಾರಿಯುದ್ದಕ್ಕೂ ಆ ಕವರನ್ನು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಾಯಿಸುತ್ತಲೇ ಇದ್ದಳು. ಅದರಲ್ಲಿ ಅಂಥ ಭಾರವೇನೂ ಇರಲಿಲ್ಲ.